ಕಲ್ಲಚ್ಚಿನ ರಸಾಯನವೂ ಭಿತ್ತಿಪತ್ರದ ಕಲೆಯೂ

ಹಳೆಯ ಭಿತ್ತಿಪತ್ರಗಳ ಮಾದರಿಯಲ್ಲಿ ಹೊಸದನ್ನು ರಚಿಸುವ ಅಭಿರುಚಿ ಇಂದು ಬೆಳೆದಿದೆ. ಆದರೆ ಕಂದು ಬಣ್ಣ ಬಳಿದು, ಅಂಚುಗಳನ್ನು ಮಸುಕುಗೊಳಿಸಿ, ಅದನ್ನೇ ಹಳಮೆಯೆಂದು ಭಾವಿಸುವವರು ಹಲವರು. ಮರದ ತಿರುಳಿನ ಅಗ್ಗದ ಕಾಗದದಲ್ಲಿ ಉಳಿದಿರುವ ಲಿಗ್ನಿನ್ ಎಂಬ ದ್ರವ್ಯವು ಬೆಳಕು ಗಾಳಿಗಳ ಸಂಪರ್ಕದಿಂದ ಮಾರ್ಪಟ್ಟು, ಕಾಗದವು ಹಳದಿಗಟ್ಟುವುದು. ಅದು ಕಾಗದದ ಮುಪ್ಪೇ ಹೊರತು ಕಲಾವಿದನ ಉದ್ದೇಶವಲ್ಲ. ಹಾಗಾದರೆ ಆ ಪತ್ರಗಳ ವೈಶಿಷ್ಟ್ಯವೆಲ್ಲಿದೆ? ಕೋಲ್ಕತ್ತದ ಎರಡು ಪರಂಪರೆಗಳು ಇದಕ್ಕೆ ಉತ್ತರವೀಯುತ್ತವೆ.

ಮೊದಲನೆಯದು ಕಲ್ಲಚ್ಚು. ಅನ್ನದಾಪ್ರಸಾದ ಬಾಗಚಿಯವರೂ ಅವರ ಸಂಗಡಿಗರೂ 1878ರಲ್ಲಿ ಸ್ಥಾಪಿಸಿದ ಕಲ್ಕತ್ತಾ ಆರ್ಟ್ ಸ್ಟುಡಿಯೋ ದೇವತೆಗಳ ಚಿತ್ರಗಳನ್ನು ಈ ವಿಧಾನದಿಂದ ಮುದ್ರಿಸಿತು. ನುಣುಪುಗೊಳಿಸಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಚಿತ್ರ ಬರೆದು, ಅಲ್ಪ ನೈಟ್ರಿಕ್ ಆಮ್ಲ ಬೆರೆಸಿದ ಗೋಂದನ್ನು ಸವರುವರು. ಬಳಿಕ ಕಲ್ಲನ್ನು ತೋಯಿಸಿ ಮಸಿಯ ಉರುಳೆಯನ್ನು ಹಾಯಿಸಿದರೆ, ಜಿಡ್ಡಿರುವೆಡೆ ಮಸಿ ಹಿಡಿಯುವುದು. ಉಳಿದೆಡೆ ನೀರು ಅದನ್ನು ದೂರವಿಡುವುದು. ಎಣ್ಣೆಗೂ ನೀರಿಗೂ ಇರುವ ಹಗೆಯೇ ಈ ಕಲೆಯ ತಳಹದಿ. ಪ್ರತಿಯೊಂದು ಬಣ್ಣವೂ ಬೇರೊಂದು ಕಲ್ಲನ್ನು ಬೇಡುವುದರಿಂದ ಭಿತ್ತಿಪತ್ರದ ಕಲಾವಿದನು ಬಣ್ಣಗಳಲ್ಲಿ ಮಿತವ್ಯಯವನ್ನು ಕಲಿತನು: ಕೆಲವೇ ವರ್ಣಗಳು, ವಿಶಾಲವಾದ ಸಮತಲಗಳು, ಬಣ್ಣದ ಮೇಲೆ ಬಣ್ಣ ಬಿದ್ದೆಡೆ ಮೂರನೆಯದೊಂದರ ಉದಯ.

ಎರಡನೆಯದು ಆಚಾರ್ಯ ಪ್ರಫುಲ್ಲಚಂದ್ರ ರಾಯ್ ಅವರ ಪರಂಪರೆ. 1889ರಲ್ಲಿ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದ ಅವರು, ಕಲ್ಲಚ್ಚಿಗೆ ಒದಗುವ ಆ ನೈಟ್ರಿಕ್ ಆಮ್ಲವನ್ನೇ ನೀರಿನಿಂದ ತೆಳುಗೊಳಿಸಿ, ಪಾದರಸದೊಡನೆ ಬೆರೆಸಿದಾಗ ಹಳದಿ ಹರಳುಗಳು ದೊರೆತುವು. ಅದು ಮರ್ಕ್ಯುರಸ್ ನೈಟ್ರೈಟ್ ಎಂದು 1896ರಲ್ಲಿ ಪ್ರಕಟಪಡಿಸಿದರು. ಅವರ 'ಹಿಂದೂ ರಸಾಯನಶಾಸ್ತ್ರದ ಇತಿಹಾಸ'ದ ಮೊದಲ ಸಂಪುಟ 1902ರಲ್ಲಿ ಹೊರಬಂದಿತು. 'ರಸರತ್ನಸಮುಚ್ಚಯ'ವೇ ಮೊದಲಾದ ಪ್ರಾಚೀನ ಗ್ರಂಥಗಳ ಯಂತ್ರಗಳನ್ನು ಅದು ಓದುಗರ ಮುಂದಿರಿಸಿತು. ಅವುಗಳಲ್ಲೊಂದಾದ ದೋಲಾಯಂತ್ರವನ್ನು ನೋಡಿರಿ: ಅರ್ಧ ದ್ರವ ತುಂಬಿದ ಮಡಕೆ, ಅದರ ಬಾಯಿಗೆ ಅಡ್ಡಲಾಗಿ ಒಂದು ಕೋಲು, ಕೋಲಿನಿಂದ ತೂಗುವ ಔಷಧಿಯ ಗಂಟು, ಕೆಳಗೆ ಉರಿ. ಇದಕ್ಕಿಂತ ಸರಳವೂ ಸಮತೂಕವುಳ್ಳದ್ದೂ ಆದ ರೇಖಾವಿನ್ಯಾಸ ಬೇರೆ ಬೇಕೆ?

ಈ ಎರಡು ವಿದ್ಯೆಗಳು ಒಬ್ಬರಲ್ಲೇ ಕೂಡಿದುದೂ ಉಂಟು. ಪ್ರೆಸಿಡೆನ್ಸಿಯಲ್ಲಿ ರಸಾಯನಶಾಸ್ತ್ರವನ್ನು ಓದಿದ ಸುಕುಮಾರ ರಾಯ್ 1911ರಲ್ಲಿ ಮುದ್ರಣವಿದ್ಯೆಯನ್ನು ಕಲಿಯಲು ಇಂಗ್ಲೆಂಡಿಗೆ ತೆರಳಿದರು. ತಮ್ಮ ಮಕ್ಕಳ ಪದ್ಯಗಳಿಗೆ ತಾವೇ ಚಿತ್ರಗಳನ್ನೂ ಬರೆದರು.

ವಿಜ್ಞಾನವನ್ನು ಕುರಿತ ಭಿತ್ತಿಪತ್ರವೆಂದೊಡನೆ ಗಾಜಿನ ಬುದ್ದಲಿ, ಹೊಗೆ, ಗುಳ್ಳೆಗಳನ್ನು ಚಿತ್ರಿಸುವುದು ವಾಡಿಕೆಯಾಗಿದೆ. ಅದರ ಬದಲು ಕಪ್ಪು ರೇಖೆಯ ದೋಲಾಯಂತ್ರ, ಹಿನ್ನೆಲೆಗೆ ಆ ಹರಳಿನ ಹಳದಿ, ಉರಿಗೆ ಒಂದೇ ಕೆಂಪು ಸಾಕು. ಹಳದಿಯ ಮೇಲೆ ಪಾರದರ್ಶಕವಾದ ಕೆಂಪು ಹಾಯ್ದೆಡೆ ಕಿತ್ತಳೆ ತಾನಾಗಿ ಹುಟ್ಟುವುದು. ಇಂದು ಗಣಕಯಂತ್ರದಲ್ಲಿ ರಚಿಸುವವನಿಗೂ ಈ ಮೂರು ಕಲ್ಲುಗಳ ನಿಯಮವನ್ನು ಸ್ವಇಚ್ಛೆಯಿಂದ ಪಾಲಿಸಲು ಅಡ್ಡಿಯಿಲ್ಲ. ಹಿಂದಿನವರಿಂದ ನಾವು ಪಡೆಯತಕ್ಕದ್ದು ಅವರ ಕಾಗದದ ಕಲೆಗಳನ್ನಲ್ಲ, ಅವರ ಕೈಯ ಸಂಯಮವನ್ನು.