ಅಕ್ಕಿಯ ತವುಡೂ ಪ್ರಕೃತಿವಾದವೂ: ಬೆರಿಬೆರಿಯ ಇತಿಹಾಸವನ್ನು ಕುರಿತು ಒಂದು ವಿಚಾರ

ಪ್ರಕೃತಿಯಿಂದ ದೂರ ಸರಿದುದೇ ರೋಗಗಳಿಗೆ ಮೂಲ, ಪ್ರಕೃತಿಗೆ ಮರಳುವುದೇ ಅವುಗಳಿಗೆ ಮದ್ದು ಎಂಬ ವಾದವನ್ನು ಕೇಳದವರು ನಮ್ಮ ವಾಚಕರಲ್ಲಿ ವಿರಳ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಲೂಯಿ ಕೂನೆ, ಅಡಾಲ್ಫ್ ಯುಸ್ಟ್ ಮೊದಲಾದವರು ಇದನ್ನೊಂದು ಚಿಕಿತ್ಸಾಪದ್ಧತಿಯಾಗಿ ಬೆಳೆಸಿದರು. ಅವರ ಗ್ರಂಥಗಳನ್ನೋದಿದ ಗಾಂಧೀಜಿಯವರು ಮಣ್ಣಿನ ಪಟ್ಟಿ, ಕಟಿಸ್ನಾನ, ಉಪವಾಸಗಳನ್ನು ದಕ್ಷಿಣ ಆಫ್ರಿಕದ ದಿನಗಳಿಂದಲೂ ತಮ್ಮ ಮೇಲೂ ತಮ್ಮವರ ಮೇಲೂ ಪ್ರಯೋಗಿಸಿ, ೧೯೪೬ರಲ್ಲಿ ಪುಣೆಯ ಸಮೀಪದ ಉರುಳಿಕಾಂಚನದಲ್ಲಿ ಪ್ರಕೃತಿಚಿಕಿತ್ಸೆಯ ಕೇಂದ್ರವನ್ನು ಆರಂಭಿಸಿದರು. ಇಂದು ಆ ವಾದವೇ ಸಿರಿಧಾನ್ಯ, ಪಾಲಿಶ್ ಇಲ್ಲದ ಅಕ್ಕಿ, ಅಜ್ಜಿಯ ಕಾಲದ ಅಡುಗೆ ಎಂಬ ಹೆಸರುಗಳಿಂದ ಮನೆಮನೆಗೂ ಬಂದಿದೆ. ವೈದ್ಯಸಂಶೋಧನೆಯ ಸುದ್ದಿಯೊಂದು ಪತ್ರಿಕೆಯಲ್ಲಿ ಬಂದೊಡನೆ ಒಂದು ಪಕ್ಷದವರು 'ನಾವು ಹೇಳಿದ್ದೇ ನಿಜವಾಯಿತು' ಎನ್ನುತ್ತಾರೆ. ಇನ್ನೊಂದು ಪಕ್ಷದವರು ಇದೆಲ್ಲ ಅಜ್ಞಾನವೆಂದು ನಗುತ್ತಾರೆ.

ಇತಿಹಾಸದ ಅಧ್ಯಾಪಕರಾದ ನಮಗೆ ವೈದ್ಯಶಾಸ್ತ್ರದಲ್ಲಿ ತೀರ್ಪು ಕೊಡುವ ಅಧಿಕಾರವಿಲ್ಲ. ಆದರೆ ಇಂತಹ ವಿವಾದವೊಂದು ಹಿಂದೊಮ್ಮೆ ಹೇಗೆ ಹುಟ್ಟಿತು, ಹೇಗೆ ತೀರಿತು ಎಂಬುದು ಇತಿಹಾಸದ ವಿಷಯವೇ ಆಗಿದೆ. ಅದಕ್ಕಾಗಿ ಬೆರಿಬೆರಿ ಎಂಬ ರೋಗವನ್ನು ಇಲ್ಲಿ ತೆಗೆದುಕೊಂಡಿದ್ದೇವೆ. ಕಾಲು ಜೋಮು ಹಿಡಿದು ಶಕ್ತಿಗುಂದುವುದು, ಮೈ ಬಾತುಕೊಳ್ಳುವುದು, ಕೊನೆಗೆ ಹೃದಯವೇ ಸೋಲುವುದು ಇದರ ಲಕ್ಷಣಗಳು. ಅನ್ನವನ್ನೇ ಮುಖ್ಯವಾಗಿ ಉಣ್ಣುವ ಏಷ್ಯದ ದೇಶಗಳಲ್ಲಿ ಇದು ಹಿಂದಿನಿಂದಲೂ ಇತ್ತಾದರೂ, ಉಗಿಯಂತ್ರದ ಗಿರಣಿಗಳು ಬಂದು ಅಚ್ಚಬಿಳಿಯ ಅಕ್ಕಿ ಬಡವರಿಗೂ ಅಗ್ಗವಾಗಿ ದೊರೆತ ಮೇಲೆ ಸೆರೆಮನೆ, ಸೈನ್ಯ, ಹಡಗು, ಗಣಿಗಳಲ್ಲಿ ಮಾರಿಯಂತೆ ಹರಡಿತು. ಒನಕೆಯ ಪೆಟ್ಟಿನಲ್ಲಿ ತವುಡಿನ ಒಂದು ಪಾಲು ಅಕ್ಕಿಗೆ ಅಂಟಿಕೊಂಡೇ ಉಳಿಯುತ್ತಿತ್ತು. ಯಂತ್ರವು ಅದನ್ನು ಪೂರ್ತಿಯಾಗಿ ತೆಗೆದುಹಾಕಿತು.

ಇದನ್ನು ಮೊದಲು ಊಟಕ್ಕೆ ಸಂಬಂಧಿಸಿದ ರೋಗವೆಂದು ಗಟ್ಟಿಯಾಗಿ ಹಿಡಿದವನು ಜಪಾನಿನ ನೌಕಾದಳದ ವೈದ್ಯ ತಾಕಾಕಿ ಕಾನೆಹಿರೊ. ೧೮೮೨-೮೩ರಲ್ಲಿ ರ್‍ಯೂಜೋ ಎಂಬ ಹಡಗಿನ ದೀರ್ಘ ಯಾನದಲ್ಲಿ ೩೭೬ ಮಂದಿಯ ಪೈಕಿ ೧೬೯ ಮಂದಿಗೆ ರೋಗ ತಗುಲಿ ೨೫ ಮಂದಿ ಸತ್ತರು. ೧೮೮೪ರಲ್ಲಿ ತ್ಸುಕುಬಾ ಎಂಬ ಹಡಗನ್ನು ಅದೇ ದಾರಿಯಲ್ಲಿ ಕಳುಹಿಸಿ, ಅನ್ನವನ್ನು ಕಡಿಮೆ ಮಾಡಿ ರೊಟ್ಟಿ, ಮಾಂಸ, ಹಾಲುಗಳನ್ನು ಕೊಡಿಸಿದಾಗ ಸಾವೊಂದೂ ಸಂಭವಿಸಲಿಲ್ಲ. ರೋಗಿಗಳು ಇಪ್ಪತ್ತನ್ನೂ ಮುಟ್ಟಲಿಲ್ಲ. ನೌಕಾದಳವು ತನ್ನ ಊಟವನ್ನು ಬದಲಾಯಿಸಿತು, ರೋಗ ಬಹುಮಟ್ಟಿಗೆ ತೊಲಗಿತು. ಆದರೆ ತಾಕಾಕಿ ಕೊಟ್ಟ ಕಾರಣ ತಪ್ಪಾಗಿತ್ತು. ಊಟದಲ್ಲಿ ಸಾರಜನಕದ ಅಂಶ ಸಾಲದೆಂಬುದು ಅವನ ನಂಬಿಕೆ. ಭೂಸೇನೆಯ ವೈದ್ಯಾಧಿಕಾರಿಗಳು ಆ ಕಾರಣದ ದೌರ್ಬಲ್ಯವನ್ನು ಸರಿಯಾಗಿಯೇ ಗುರುತಿಸಿದರು. ಕಾರಣದೊಡನೆ ಫಲವನ್ನೂ ತಳ್ಳಿಹಾಕಿದರು. ಇವರಲ್ಲಿ ಜರ್ಮನಿಯಲ್ಲಿ ಕಲಿತು ಬಂದು, ಮುಂದೆ ಸಾಹಿತಿಯಾಗಿ ಹೆಸರಾದ ಮೋರಿ ಓಗಾಯ್ ಒಬ್ಬ. ರೋಗಾಣುಗಳ ಯುಗವದು; ಪ್ರತಿಯೊಂದು ರೋಗಕ್ಕೂ ಒಂದು ರೋಗಾಣು ಇರಲೇಬೇಕೆಂಬ ಭರವಸೆ ವಿದ್ವಾಂಸರಲ್ಲಿ ತುಂಬಿತ್ತು. ೧೯೦೪-೦೫ರ ರಷ್ಯ-ಜಪಾನ್ ಯುದ್ಧದಲ್ಲಿ ಬಿಳಿಯನ್ನ ಉಂಡ ಜಪಾನೀ ಸೈನಿಕರಲ್ಲಿ ಸುಮಾರು ೨೭,೦೦೦ ಮಂದಿ ಬೆರಿಬೆರಿಯಿಂದಲೇ ಮಡಿದರು. ತರ್ಕದಲ್ಲಿ ಗೆದ್ದವರ ಕಡೆಯಲ್ಲಿ ಇಷ್ಟು ಹೆಣಗಳು ಬಿದ್ದ ಉದಾಹರಣೆ ವೈದ್ಯಶಾಸ್ತ್ರದ ಇತಿಹಾಸದಲ್ಲಿ ಹೆಚ್ಚಿಲ್ಲವೆಂದು ನಮಗೆ ತೋರುತ್ತದೆ.

ಡಚ್ಚರ ಆಳ್ವಿಕೆಯಲ್ಲಿದ್ದ ಜಾವಾದ ಕಥೆ ಹೆಚ್ಚು ಪ್ರಸಿದ್ಧವಾದುದು. ರೋಗಾಣುವನ್ನು ಹುಡುಕಲು ೧೮೮೬ರಲ್ಲಿ ಬಂದ ತಂಡದ ಕ್ರಿಸ್ಟಿಯಾನ್ ಐಕ್ಮನ್ ಬಟೇವಿಯದ ಪ್ರಯೋಗಶಾಲೆಯಲ್ಲಿ ಉಳಿದನು. ಅಲ್ಲಿನ ಕೋಳಿಗಳು ಒಮ್ಮೆ ಕಾಲು ಸೋತು ಬಿದ್ದವು. ಕೆಲವು ತಿಂಗಳ ಮೇಲೆ ತಾವಾಗಿಯೇ ಎದ್ದವು. ವಿಚಾರಿಸಲು, ಸೈನಿಕ ಆಸ್ಪತ್ರೆಯ ಅಡುಗೆಮನೆಯಲ್ಲಿ ಉಳಿದ ಬಿಳಿಯನ್ನವನ್ನು ಅವುಗಳಿಗೆ ಹಾಕುತ್ತಿದ್ದರೆಂದೂ, ಹೊಸದಾಗಿ ಬಂದ ಅಡುಗೆಯವನು ಸೇನೆಯ ಅನ್ನವನ್ನು ನಾಗರಿಕ ಕೋಳಿಗಳಿಗೆ ಕೊಡಲೊಪ್ಪದೆ ನಿಲ್ಲಿಸಿದನೆಂದೂ ತಿಳಿದುಬಂದಿತು. (ಕಚೇರಿಯ ಕಟ್ಟುಕಟ್ಟಳೆಯಿಂದ ವಿಜ್ಞಾನಕ್ಕೆ ಇಷ್ಟು ಉಪಕಾರವಾದುದು ಅಪರೂಪ.) ಕೋಳಿಗೆ ಸಂದುದು ಮನುಷ್ಯನಿಗೂ ಸಲ್ಲುವುದೇ ಎಂಬುದನ್ನು ತಿಳಿಯಲು ವೋರ್ಡರ್ಮನ್ ಎಂಬ ಅಧಿಕಾರಿ ಜಾವಾ ಮತ್ತು ಮದುರಾದ್ವೀಪದ ೧೦೧ ಸೆರೆಮನೆಗಳನ್ನು ಸಮೀಕ್ಷಿಸಿದನು. ತವುಡುಳ್ಳ ಅಕ್ಕಿಯನ್ನು ಕೊಡುತ್ತಿದ್ದ ೩೭ ಸೆರೆಮನೆಗಳ ಪೈಕಿ ಒಂದರಲ್ಲಿ ಮಾತ್ರ ಬೆರಿಬೆರಿ ಇತ್ತು. ಎರಡನ್ನೂ ಬೆರಸಿ ಕೊಡುತ್ತಿದ್ದ ೧೩ರಲ್ಲಿ ೬ರಲ್ಲಿ. ಬಿಳಿಯ ಅಕ್ಕಿಯ ೫೧ರಲ್ಲಿ ೩೬ರಲ್ಲಿ. ಕಟ್ಟಡದ ವಯಸ್ಸು, ಗಾಳಿಬೆಳಕು, ಜನಸಂದಣಿ ಮುಂತಾದ ಇತರ ಅಂಶಗಳನ್ನೂ ಅವನು ಲೆಕ್ಕಕ್ಕೆ ತೆಗೆದುಕೊಂಡಿದ್ದನೆಂಬುದು ಗಮನಾರ್ಹ. ಐಕ್ಮನ್ನನೂ ಕಾರಣವನ್ನು ತಪ್ಪಾಗಿಯೇ ಊಹಿಸಿದ್ದನು: ಬಿಳಿಯ ಅಕ್ಕಿಯ ಪಿಷ್ಟದಲ್ಲಿ ವಿಷವಿದೆ, ತವುಡು ಅದಕ್ಕೆ ಪ್ರತಿವಿಷವೆಂದು. ವಿಷವೇನೂ ಇಲ್ಲ, ಬೇಕಾದ ವಸ್ತುವೊಂದು ಇಲ್ಲದಿರುವುದೇ ರೋಗ ಎಂದು ೧೯೦೧ರಲ್ಲಿ ಹೇಳಿದವನು ಅವನ ಉತ್ತರಾಧಿಕಾರಿ ಗ್ರೈನ್ಸ್.

ಇಷ್ಟರಲ್ಲೇ ಕಥೆ ಮುಗಿದಿದ್ದರೆ ಪ್ರಕೃತಿವಾದಿಗಳ ಗೆಲುವು ಪೂರ್ಣವಾಗುತ್ತಿತ್ತು. ಮನುಷ್ಯನ ಕೈ ಹೆಚ್ಚು ತಾಗದ ಆಹಾರವೇ ಶ್ರೇಷ್ಠವೆಂಬುದಲ್ಲವೆ ಅವರ ಸಿದ್ಧಾಂತ? ಆದರೆ ಮಲಯದ ಸಾಕ್ಷ್ಯ ಬೇರೊಂದು ಮಾತನ್ನು ಹೇಳುತ್ತದೆ. ಅಲ್ಲಿನ ತವರದ ಗಣಿಗಳಲ್ಲಿ ದುಡಿಯುತ್ತಿದ್ದ ಚೀನೀಯರು ಬೆರಿಬೆರಿಯಿಂದ ಸಾಯುತ್ತಿದ್ದರು. ತೋಟಗಳ ತಮಿಳು ಕೂಲಿಗಳಿಗೆ ಅದು ಸೋಂಕುತ್ತಲೇ ಇರಲಿಲ್ಲ. ಎರಡು ಪಂಗಡಗಳೂ ಗಿರಣಿಯ ಅಕ್ಕಿಯನ್ನೇ ಉಣ್ಣುತ್ತಿದ್ದವು. ಆದರೆ ತಮಿಳರದು ಭತ್ತವನ್ನು ಬೇಯಿಸಿ ಒಣಗಿಸಿ ಆಮೇಲೆ ಗಿರಣಿಗೆ ಹಾಕಿದ ಅಕ್ಕಿ. ಈ ವ್ಯತ್ಯಾಸವನ್ನು ಬ್ರಾಡನ್ ಎಂಬ ವೈದ್ಯ ಎತ್ತಿ ತೋರಿಸಿದಾಗ, ಫ್ಲೆಚರ್ ಎಂಬ ಇನ್ನೊಬ್ಬ ವೈದ್ಯ ಅದನ್ನು ನಂಬದೆ, ಕ್ವಾಲಾಲಂಪುರದ ಮಾನಸಿಕ ಚಿಕಿತ್ಸಾಲಯದಲ್ಲಿ ೧೯೦೫-೦೬ರಲ್ಲಿ ರೋಗಿಗಳನ್ನು ಎರಡು ಪಂಕ್ತಿಗಳಾಗಿ ವಿಂಗಡಿಸಿ ಒಂದಕ್ಕೆ ಈ ಅಕ್ಕಿಯನ್ನೂ ಇನ್ನೊಂದಕ್ಕೆ ಬೇಯಿಸದ ಬಿಳಿಯ ಅಕ್ಕಿಯನ್ನೂ ಕೊಟ್ಟನು. ಎರಡನೆಯ ಪಂಕ್ತಿಯಲ್ಲಿ ಮೂವತ್ತಕ್ಕೂ ಮಿಕ್ಕು ಮಂದಿಗೆ ರೋಗ ತಗುಲಿತು, ೧೮ ಮಂದಿ ಸತ್ತರು; ಮೊದಲನೆಯದರಲ್ಲಿ ಹೊಸದಾಗಿ ಯಾರಿಗೂ ತಗುಲಲಿಲ್ಲ. ಒಪ್ಪಿಗೆ ಕೊಡಲಾಗದವರ ಮೇಲೆ ನಡೆಸಿದ ಈ ಪ್ರಯೋಗವನ್ನು ಇಂದು ಯಾವ ಸಂಸ್ಥೆಯೂ ಅನುಮತಿಸಲಾರದು. ನಮ್ಮ ಜ್ಞಾನದ ಒಂದು ಪಾಲು ಅವರ ಪ್ರಾಣದಿಂದ ಬಂದಿತೆಂಬುದನ್ನು ಮರೆಯಬಾರದು.

ತಮಿಳು ಕೂಲಿಗಳ ಅಕ್ಕಿಯನ್ನು ದಕ್ಷಿಣ ಕನ್ನಡದ ವಾಚಕರಿಗೆ ಪರಿಚಯ ಮಾಡಿಕೊಡಬೇಕಾದುದಿಲ್ಲ. ಅದು ಅವರ ನಿತ್ಯದ ಕುಚ್ಚಲಕ್ಕಿಯೇ. ಭತ್ತವನ್ನು ನೆನೆಸಿ ಬೇಯಿಸುವಾಗ ತವುಡು ಮತ್ತು ಮೊಳಕೆಯಲ್ಲಿರುವ ಜೀವಸತ್ತ್ವವು ನೀರಿನೊಡನೆ ಕಾಳಿನ ಒಳಭಾಗಕ್ಕೆ ಇಳಿಯುತ್ತದೆ. ಆಮೇಲೆ ಗಿರಣಿಯು ತವುಡನ್ನು ತೆಗೆದರೂ ಅದು ಒಳಗೇ ಉಳಿದಿರುತ್ತದೆ. ತೊಳೆಯುವಾಗ ಆಗುವ ನಷ್ಟವೂ ಕಡಿಮೆ. ಹಿಂದಿನ ಮದರಾಸು ಪ್ರಾಂತದಲ್ಲಿ ಕುಚ್ಚಲಕ್ಕಿ ಉಣ್ಣುವ ಜಿಲ್ಲೆಗಳಲ್ಲಿ ಬೆರಿಬೆರಿ ಕಾಣದೆ, ಗಿರಣಿಯ ಬೆಳ್ತಿಗೆ ಅಕ್ಕಿ ರೂಢಿಯಲ್ಲಿದ್ದ ಆಂಧ್ರದ ಕರಾವಳಿ ಜಿಲ್ಲೆಗಳಲ್ಲಿ ಮಾತ್ರ ಅದು ನೆಲಸಿದ್ದುದಕ್ಕೆ ಇದೇ ಕಾರಣ. ಹೀಗೆ ಜನರನ್ನು ಕಾಪಾಡಿದುದು 'ಪ್ರಕೃತಿಸಹಜ'ವಾದ ಹಸಿ ಅಕ್ಕಿಯಲ್ಲ. ಎರಡೆರಡು ಸಂಸ್ಕಾರಗಳಿಗೆ ಒಳಗಾದ ಅಕ್ಕಿ. ಆ ಪದ್ಧತಿಯನ್ನು ಆರಂಭಿಸಿದವರು ರೋಗವನ್ನು ನೆನೆದು ಆರಂಭಿಸಿದವರೂ ಅಲ್ಲ. ಬೇಯಿಸಿದ ಭತ್ತದ ಸಿಪ್ಪೆ ಸುಲಭವಾಗಿ ಬಿಡುತ್ತದೆ, ಕಾಳು ನುಚ್ಚಾಗುವುದಿಲ್ಲ; ಅವರಿಗೆ ಅಷ್ಟು ಸಾಕಾಗಿತ್ತು.

ಭಾರತದಲ್ಲಿ ಈ ವಿಷಯಕ್ಕೆ ಪ್ರಯೋಗಶಾಲೆಯ ನೆಲೆ ಒದಗಿಸಿದವನು ರಾಬರ್ಟ್ ಮೆಕ್ಯಾರಿಸನ್. ನೀಲಗಿರಿಯ ಕೂನೂರಿನಲ್ಲಿ ಅವನು ಇಲಿಗಳಿಗೆ ನಾನಾ ಪ್ರಾಂತಗಳ ಊಟಗಳನ್ನು ಉಣಿಸಿ ನೋಡಿದನು. ಗೋಧಿ, ಹಾಲು, ಕಾಳು, ಸೊಪ್ಪುಗಳಿದ್ದ ಪಂಜಾಬಿನ ಊಟವನ್ನುಂಡ ಇಲಿಗಳು ಪುಷ್ಟವಾಗಿ ಬೆಳೆದವು; ಅನ್ನವೇ ಹೆಚ್ಚಾಗಿದ್ದ ಬಂಗಾಳ, ಮದರಾಸುಗಳ ಊಟದವು ಹಿಂದೆ ಬಿದ್ದವು. ಅವನ ಸಂಸ್ಥೆ ಮುಂದೆ ಹೈದರಾಬಾದಿಗೆ ಹೋಗಿ ರಾಷ್ಟ್ರೀಯ ಪೋಷಣ ಸಂಸ್ಥೆಯಾಯಿತು. ೧೯೩೪ರಲ್ಲಿ ವರ್ಧಾದಲ್ಲಿ ಸ್ಥಾಪಿತವಾದ ಅಖಿಲ ಭಾರತ ಗ್ರಾಮೋದ್ಯೋಗ ಸಂಘವು ಕೈಕುಟ್ಟಿದ ಅಕ್ಕಿಯನ್ನು ತನ್ನ ಕಾರ್ಯಕ್ರಮಗಳಲ್ಲಿ ಸೇರಿಸಿಕೊಂಡಿತು. ಗಾಂಧೀಜಿಯವರಿಗೆ ಇದು ಆರೋಗ್ಯದ ಪ್ರಶ್ನೆಯಾಗಿದ್ದಂತೆಯೇ ಒನಕೆ ಹಿಡಿದ ಹೆಂಗಸಿನ ಕೂಲಿಯ ಪ್ರಶ್ನೆಯೂ ಆಗಿದ್ದಿತು. ಇಂದಿನ ಪ್ರಕೃತಿವಾದದಲ್ಲಿ ಈ ಎರಡನೆಯ ಅಂಶ ಬಹುಮಟ್ಟಿಗೆ ಲುಪ್ತವಾಗಿದೆ.

ತವುಡಿನಲ್ಲಿದ್ದ ವಸ್ತುವನ್ನು ೧೯೨೬ರಲ್ಲಿ ಬಟೇವಿಯದಲ್ಲಿ ಯಾನ್ಸನ್ ಮತ್ತು ಡೊನಾತ್ ಹರಳುರೂಪದಲ್ಲಿ ಬೇರ್ಪಡಿಸಿದರು. ಅದರ ರಚನೆಯನ್ನು ಬಿಡಿಸಿ ೧೯೩೬ರಲ್ಲಿ ಕೃತಕವಾಗಿ ತಯಾರಿಸಿದವನು ಅಮೆರಿಕದ ರಾಬರ್ಟ್ ವಿಲಿಯಮ್ಸ್. ಪಾದ್ರಿಗಳ ಮಗನಾದ ಅವನು ಹುಟ್ಟಿದ್ದು ನೆಲ್ಲೂರಿನಲ್ಲಿ, ಅಂದರೆ ಬೆರಿಬೆರಿಯ ಸೀಮೆಯಲ್ಲಿಯೇ. ಅದೇ ಇಂದಿನ ಥಯಮಿನ್, ಜೀವಸತ್ತ್ವ ಬಿ-೧. ಗಿರಣಿ ಕಳೆದುದನ್ನು ಕಾರ್ಖಾನೆ ತುಂಬಿಕೊಡುವಂತಾಯಿತು. ಪ್ರಕೃತಿವಾದಿಗಳಿಗೆ ಇದು ರುಚಿಸಲಿಲ್ಲ. ಆದರೆ ರೋಗಿಗೆ ತವುಡಿನ ಥಯಮಿನ್ನಿಗೂ ಕಾರ್ಖಾನೆಯದಕ್ಕೂ ಭೇದ ತಿಳಿಯದು.

ಇತ್ತೀಚಿನ ಸಂಶೋಧನೆಗಳನ್ನು ಈ ಹಿನ್ನೆಲೆಯಲ್ಲಿಯೇ ಓದಬೇಕಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕೋರಿಕೆಯಂತೆ ನಡೆದು ೨೦೧೯ರಲ್ಲಿ ಪ್ರಕಟವಾದ ಒಂದು ದೊಡ್ಡ ಪರಿಶೀಲನೆಯು, ನಾರಿನ ಅಂಶವನ್ನು ಹೆಚ್ಚಾಗಿ ಸೇವಿಸುವವರಲ್ಲಿ ಮರಣದ ಪ್ರಮಾಣ ಶೇಕಡಾ ೧೫ರಿಂದ ೩೦ರಷ್ಟು ಕಡಿಮೆಯೆಂದೂ ದಿನಕ್ಕೆ ೨೫ರಿಂದ ೨೯ ಗ್ರಾಂ ನಾರು ಹಿತವೆಂದೂ ಹೇಳಿತು. ತವುಡಿನ ಪಕ್ಷದವರಿಗೆ ಇದು ಬಲವಾದ ಆಧಾರ. ಆದರೆ ಅದೇ ವರ್ಷ ಪ್ರಕಟವಾದ ಚೆನ್ನೈನ ಪ್ರಯೋಗವೊಂದರಲ್ಲಿ, ಬಿಳಿಯ ಅಕ್ಕಿಯ ಬದಲು ಕಂದು ಅಕ್ಕಿಯನ್ನು ಮೂರು ತಿಂಗಳು ಕೊಟ್ಟಾಗ ರಕ್ತದ ಸಕ್ಕರೆಯ ಅಳತೆಗಳಲ್ಲಿ ಒಟ್ಟಾರೆಯಾಗಿ ಗಣನೀಯ ಭೇದ ಕಾಣಲಿಲ್ಲ. ಬೊಜ್ಜು, ರಕ್ತದೊತ್ತಡ ಮುಂತಾದ ತೊಂದರೆಗಳು ಒಟ್ಟುಗೂಡಿದ್ದವರಲ್ಲಿ ಮಾತ್ರ ಸ್ವಲ್ಪ ಪ್ರಯೋಜನ ತೋರಿತು. ಎರಡರಲ್ಲಿ ಒಂದನ್ನೇ ಉಲ್ಲೇಖಿಸುವ ಲೇಖನಗಳನ್ನು ನಾವು ಬೇಕಾದಷ್ಟು ಓದಿದ್ದೇವೆ.

ಇದಕ್ಕಿಂತ ನಮ್ಮನ್ನು ಹೆಚ್ಚು ಕಲಕಿದುದು ಇನ್ನೊಂದು ವರದಿ. ಮುಗಿದುಹೋಯಿತೆಂದು ಪಠ್ಯಪುಸ್ತಕಗಳು ಹೇಳುವ ಬೆರಿಬೆರಿ ನಮ್ಮ ನಾಡಿನಲ್ಲಿಯೇ ಮತ್ತೆ ತಲೆಯೆತ್ತಿದೆ. ಎದೆಹಾಲನ್ನು ಮಾತ್ರ ಕುಡಿಯುತ್ತಿದ್ದ, ಚೆನ್ನಾಗಿಯೇ ಬೆಳೆಯುತ್ತಿದ್ದ ಎಳೆಯ ಮಕ್ಕಳು ಉಸಿರು ಕಟ್ಟಿ, ಶ್ವಾಸಕೋಶದ ರಕ್ತನಾಳಗಳ ಒತ್ತಡ ವಿಪರೀತವಾಗಿ ಏರಿ ಆಸ್ಪತ್ರೆಗೆ ಬಂದುದನ್ನೂ, ಥಯಮಿನ್ ಕೊಟ್ಟೊಡನೆ ಶೀಘ್ರವಾಗಿ ಚೇತರಿಸಿಕೊಂಡುದನ್ನೂ ಬೆಂಗಳೂರಿನ ಹೃದ್ರೋಗತಜ್ಞರು ೨೦೨೧ರಲ್ಲಿ ಪ್ರಕಟಿಸಿದರು. ತಾಯಂದಿರು ಪಾಲಿಶ್ ಅಕ್ಕಿಯ ಅನ್ನವನ್ನುಂಡು ಬಾಣಂತಿಯ ಪಥ್ಯದಲ್ಲಿದ್ದವರು. ಎದೆಹಾಲಿಗಿಂತ ಪ್ರಕೃತಿಸಹಜವಾದ ಆಹಾರವುಂಟೆ? ಬಾಣಂತನದ ಪಥ್ಯಕ್ಕಿಂತ ಹಳೆಯ ಸಂಪ್ರದಾಯವುಂಟೆ?

ಕಳೆದ ವರ್ಷ ನಮ್ಮ ತರಗತಿಯ ವಿದ್ಯಾರ್ಥಿಗಳಿಗೆ, ತಮ್ಮ ಮನೆಯ ಹಿರಿಯ ಹೆಂಗಸರನ್ನು ಕೇಳಿ ಬಾಣಂತಿಯ ಊಟದ ವಿವರಗಳನ್ನು ಬರೆದು ತರುವಂತೆ ಹೇಳಿದ್ದೆವು. ಒಂದೇ ತಾಲ್ಲೂಕಿನೊಳಗೆ ಒಂದು ಮನೆಯಲ್ಲಿ ಮೆಂತ್ಯ, ಬೆಳ್ಳುಳ್ಳಿ, ಎಳ್ಳುಗಳು ಧಾರಾಳವಾಗಿದ್ದರೆ, ಇನ್ನೊಂದರಲ್ಲಿ ಸೊಪ್ಪು, ಬೇಳೆ, ಹಣ್ಣುಗಳೆಲ್ಲ ನಿಷಿದ್ಧವಾಗಿ ಅನ್ನ, ತುಪ್ಪ, ಮೆಣಸಿನ ಸಾರು ಮಾತ್ರ ಉಳಿದಿದ್ದವು. ಕರಾವಳಿಯ ವಿದ್ಯಾರ್ಥಿನಿಯೊಬ್ಬಳು ತನ್ನ ಅಜ್ಜಿಯ ಮಾತನ್ನು ಹೀಗೆ ಬರೆದುಕೊಂಡು ಬಂದಳು: "ನಮ್ಮ ಕಾಲಕ್ಕೆ ಬಾಣಂತಿಗೂ ಕುಚ್ಚಲಕ್ಕಿ ಗಂಜಿಯೇ, ತೆಳಿ ಸಹಿತ. ಈಗ ಜೀರ್ಣಕ್ಕೆ ಹಗುರವೆಂದು ಬೆಳ್ತಿಗೆ ಅನ್ನ ಬಸಿದು ಕೊಡುತ್ತಾರೆ. ಪಥ್ಯ ಮಾತ್ರ ನಾನು ಮಾಡಿದ್ದೇ."