ನಿಮಗಿದು ಗೊತ್ತೇ? ಕೋಳಿಗೆ ನೂರು, ಗೋಡೆಗೆ ಶೇ 15, ಕೆಲಸಕ್ಕೆ ಒಂದೇ ತಾಸು!

ಇಡೀ ವಾರದಲ್ಲಿ ನಿಮಗೆ ಒಂದೇ ಒಂದು ತಾಸು ಕೆಲಸ ಸಿಕ್ಕಿತು ಅಂದುಕೊಳ್ಳಿ. ಉಳಿದ ಹೊತ್ತೆಲ್ಲ ದಾಂಡೇಲಿ ಬಸ್ ನಿಲ್ದಾಣದಲ್ಲಿ ಕೂತು ಕಳೆದಿರಿ. ಹಾಗಾದರೆ ನೀವು ನಿರುದ್ಯೋಗಿಯೇ? ಅಲ್ಲವೇ ಅಲ್ಲ! ಕೇಂದ್ರ ಸರ್ಕಾರದ ಕಾರ್ಮಿಕ ಸಮೀಕ್ಷೆಯ ವಾರದ ಲೆಕ್ಕದಲ್ಲಿ, ಏಳು ದಿನಗಳಲ್ಲಿ ಒಂದು ತಾಸು ದುಡಿದವರೂ ಉದ್ಯೋಗಸ್ಥರೇ!

ಕೂಲಿಯೇ ಇಲ್ಲದೆ ದುಡಿದರೆ? ಆಗಲೂ ಅಷ್ಟೇ. ಹಳಿಯಾಳದ ಕಡೆ ಗೌಳಿವಾಡದ ಹುಡುಗನೊಬ್ಬ ಪಿಯುಸಿ ಮುಗಿಸಿ, ದಿನಾ ಮನೆಯ ಎಮ್ಮೆ ಹೊಡೆದುಕೊಂಡು ಅಡವಿಗೆ ಹೋಗುತ್ತಾನೆ ಎನ್ನಿ. ಸಂಬಳವಿಲ್ಲ. ನೌಕರಿ ಸಿಕ್ಕರೆ ನಾಳೆಯೇ ಹೊರಡುತ್ತಾನೆ. ಸಮೀಕ್ಷೆಯವರ ಹಾಳೆಯಲ್ಲಿ ಅವನು ಮನೆಯ ಕಸುಬಿಗೆ ನೆರವಾಗುವವನು. ಅಂದರೆ ಉದ್ಯೋಗಸ್ಥ!

ಇನ್ನು ಕೆಲಸ ಹುಡುಕಿ ಹುಡುಕಿ ಸಾಕಾಗಿ, ಹುಡುಕುವುದನ್ನೇ ಬಿಟ್ಟವರ ಕತೆ? ಅವರೂ ನಿರುದ್ಯೋಗಿಗಳಲ್ಲ. ಅವರನ್ನು ಲೆಕ್ಕದಿಂದಲೇ ಹೊರಗಿಡುತ್ತಾರೆ. ಬೆಳಗಿನಿಂದ ರಾತ್ರಿಯವರೆಗೆ ಮನೆಗೆಲಸ ಮಾಡುವ ತಾಯಿಯೂ ಅದೇ ಸಾಲಿನಲ್ಲಿ!

ಈಗ ಹೇಳಿ, ನಿರುದ್ಯೋಗ ಎಲ್ಲಿ ಹೆಚ್ಚು? ಹಳ್ಳಿಯಲ್ಲೋ ಪಟ್ಟಣದಲ್ಲೋ? ಹಳ್ಳಿ ಎಂದಿರಾದರೆ ಉತ್ತರ ತಪ್ಪು. 2023–24ರ ಸಮೀಕ್ಷೆಯ ಇಡೀ ವರ್ಷದ ಲೆಕ್ಕದಲ್ಲಿ ದೇಶದ ಹಳ್ಳಿಗಳ ನಿರುದ್ಯೋಗ ಶೇ 2.5, ಪಟ್ಟಣಗಳದ್ದು ಶೇ 5.1. ಎರಡು ಪಟ್ಟು! ಹೊಲ, ಗದ್ದೆ, ಕೊಟ್ಟಿಗೆ ಇದ್ದಲ್ಲಿ ಎಲ್ಲರೂ ಯಾವುದಾದರೂ ಕೆಲಸಕ್ಕೆ ಕೈ ಹಚ್ಚುತ್ತಾರಲ್ಲ, ಅದೇ ಗುಟ್ಟು.

15 ತುಂಬಿದ ಎಲ್ಲರನ್ನೂ ಸೇರಿಸಿದರೆ ಆ ವರ್ಷದ ನಿರುದ್ಯೋಗ ಶೇ 3.2. ಅದೇ 15ರಿಂದ 29ರ ಯುವಜನರನ್ನಷ್ಟೇ ಹಿಡಿದರೆ ಶೇ 10.2. ಮೂರು ಪಟ್ಟು ದಾಟಿತು!

ಸರಿ, ಜೋಯಿಡಾ ತಾಲೂಕಿನಲ್ಲಿ ನಿರುದ್ಯೋಗ ಎಷ್ಟು? ಮುಂಡಗೋಡದಲ್ಲಿ? ಎಲ್ಲಿ ಹುಡುಕಿದರೂ ಸಿಗದು. ಈ ಸಮೀಕ್ಷೆ ತಾಲೂಕಿನ ಅಂಕಿ ಕೊಡುವುದೇ ಇಲ್ಲ! ಬಹುಕಾಲ ಉತ್ತರ ಕನ್ನಡವನ್ನು ಉಡುಪಿ, ದಕ್ಷಿಣ ಕನ್ನಡಗಳ ಜೊತೆ ಒಂದೇ ಕರಾವಳಿ–ಘಟ್ಟ ಪ್ರದೇಶವಾಗಿ ಕಟ್ಟಿಟ್ಟಿದ್ದರು. ಮಂಗಳೂರಿನ ಕಾಲೇಜು ಹುಡುಗಿಯೂ, ಜೋಯಿಡಾದ ಕುಣಬಿ ಹುಡುಗಿಯೂ ಒಂದೇ ಗಂಟಿನಲ್ಲಿ! 2025ರ ಜನವರಿಯಿಂದ ಜಿಲ್ಲೆಯನ್ನೇ ಮೂಲ ಘಟಕವಾಗಿ ಹಿಡಿದು ಸಮೀಕ್ಷೆ ನಡೆಯುತ್ತಿದೆ. ತಾಲೂಕಿನವರೆಗೆ ಇಳಿಯಲು ಇನ್ನೂ ಒಂದು ಮೆಟ್ಟಿಲಿದೆ. ಅದು ಬೇಗ ಬರಬೇಕು.

ಜೋಯಿಡಾ ಎಂದರೆ ಎಷ್ಟು ಜನ ಗೊತ್ತೇ? 2011ರ ಜನಗಣತಿಯಲ್ಲಿ ಇಡೀ ತಾಲೂಕಿಗೆ ಸುಮಾರು 52 ಸಾವಿರ. ದಾಂಡೇಲಿ ಪಟ್ಟಣವೊಂದರಲ್ಲೇ ಎಷ್ಟು? ಅದೂ ಸುಮಾರು 52 ಸಾವಿರ! ಅಷ್ಟು ದೊಡ್ಡ ಕಾಡಿನ ತಾಲೂಕೂ ಒಂದು ಕಾಗದದ ಕಾರ್ಖಾನೆಯ ಊರೂ ತಕ್ಕಡಿಯಲ್ಲಿ ಸಮ ಸಮ!

ಆ ಕಾರ್ಖಾನೆ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್. ಕಂಪನಿ ಹುಟ್ಟಿದ್ದು 1955ರಲ್ಲಿ. ಆಗಿನ್ನೂ ಇಂದಿನ ಕರ್ನಾಟಕವೇ ಹುಟ್ಟಿರಲಿಲ್ಲ, ದಾಂಡೇಲಿ ಮುಂಬಯಿ ರಾಜ್ಯದಲ್ಲಿತ್ತು! ದಾಂಡೇಲಿ ತಾಲೂಕಾಗಿದ್ದು ಮಾತ್ರ 2018ರಲ್ಲಿ. ಅಲ್ಲಿಯವರೆಗೆ ಈ ಕಾರ್ಖಾನೆ ಪಟ್ಟಣ ಹಳಿಯಾಳ ತಾಲೂಕಿನ ಒಂದು ಊರು, ಅಷ್ಟೇ.

ಗಣೇಶಗುಡಿಯಲ್ಲಿ ರಾಫ್ಟಿಂಗ್ ಮಾಡಿದ್ದೀರಾ? ನಿಮ್ಮನ್ನು ಕುಣಿಸಿದ ಆ ನೀರು ಹರಿಯುವುದು ವಿದ್ಯುತ್ತಿಗಾಗಿ! ಸೂಪಾ ಅಣೆಕಟ್ಟಿನಿಂದ ನೀರು ಬಿಟ್ಟರೆ ನದಿ ಏರುತ್ತದೆ, ನಿಲ್ಲಿಸಿದರೆ ಇಳಿಯುತ್ತದೆ. ದೋಣಿ ಹಿಡಿಯುವ ಹುಡುಗರ ಆ ದಿನದ ಸಂಪಾದನೆ ಅಣೆಕಟ್ಟಿನ ಗೇಟಿನಲ್ಲಿದೆ!

ಪದವಿ ಮುಗಿಸಿ ಕೆಲಸವಿಲ್ಲದವರಿಗೆ ಯುವನಿಧಿ ಇದೆಯಲ್ಲ? 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಸಿಕ್ಕಿತು. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ. ಆದರೆ ಪಾಸಾದ ಕೂಡಲೇ ಕೊಡುವುದಿಲ್ಲ. ಮೊದಲು 180 ದಿನ ಕೆಲಸವಿಲ್ಲದೆ ಕಳೆದಿರಬೇಕು!

ಉದ್ಯೋಗ ಖಾತ್ರಿಯಲ್ಲೂ ಒಂದು ಸೋಜಿಗವಿತ್ತು. 2005ರ ಕಾಯ್ದೆಯ ಪ್ರಕಾರ, ಕೆಲಸ ಕೇಳಿ 15 ದಿನವಾದರೂ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕಿತ್ತು. ಮೊದಲ 30 ದಿನ ಕೂಲಿಯ ಕಾಲು ಭಾಗ, ಆಮೇಲೆ ಕನಿಷ್ಠ ಅರ್ಧ. ಅರ್ಜಿ ಕೊಟ್ಟು, ತಾರೀಕು ಬರೆದ ರಶೀದಿ ಪಡೆದವರಿಗಷ್ಟೇ ಈ ಹಕ್ಕು ಗಟ್ಟಿಯಾಗಿತ್ತು. ಒಂದು ಚೀಟಿಗೆ ಅಷ್ಟು ಬಲ!

ಬ್ಯಾಂಕುಗಳೇ ನಿರುದ್ಯೋಗಿಗಳಿಗೆ ಕಸುಬು ಕಲಿಸುವ ರೂಢಿ ಹುಟ್ಟಿದ್ದು ನಮ್ಮ ಉಜಿರೆಯಲ್ಲಿ, 1982ರಲ್ಲಿ. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಜೊತೆ ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕ್ ಕೈಜೋಡಿಸಿದವು. ಅದನ್ನೇ ನೋಡಿ ದೇಶದ ಜಿಲ್ಲೆಜಿಲ್ಲೆಗೂ ಇಂಥ ಸಂಸ್ಥೆಗಳು ಬಂದವು. ಹಳಿಯಾಳದ ಕೆನರಾ ಬ್ಯಾಂಕ್ ದೇಶಪಾಂಡೆ ತರಬೇತಿ ಸಂಸ್ಥೆ ಆ ಬಳಗದ್ದೇ. ತರಬೇತಿ, ಊಟ, ವಸತಿ, ಎಲ್ಲ ಉಚಿತ!

ಈಗ ಒಂದು ಗಡಿಯ ಚಮತ್ಕಾರ ಕೇಳಿ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಆದರೆ ಜಿಲ್ಲೆಯ ಹೆಸರೂ ಪಟ್ಟಿಯಲ್ಲೇ ಇತ್ತು! ಹಳಿಯಾಳ ದಾಟಿ ಧಾರವಾಡ ಜಿಲ್ಲೆಯ ಹಳ್ಳಿಯಲ್ಲಿದ್ದ ಸಿದ್ದಿಗೆ ಆ ಸೌಲಭ್ಯವಿರಲಿಲ್ಲ. ಅದೇ ಜನ, ಅದೇ ನಂಟರು, ನಡುವೆ ಒಂದು ಗಡಿಕಲ್ಲು. ಧಾರವಾಡ, ಬೆಳಗಾವಿಯ ಸಿದ್ದಿಗಳ ಹೆಸರು ಪಟ್ಟಿಗೆ ಏರಿದ್ದು 2020ರಲ್ಲಿ! ಅದೇ ವರ್ಷ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಶಾಸನಸಭೆಗೆ ಕಾಲಿಟ್ಟ ಮೊದಲ ಸಿದ್ದಿ!

ಜೋಯಿಡಾದ ಕುಣಬಿಗಳದ್ದು ಇನ್ನೊಂದು ಗಡಿ. ಗೋವೆಯ ಕುಣಬಿಗಳು 2003ರಲ್ಲೇ ಪರಿಶಿಷ್ಟ ಪಂಗಡವಾದರು. ಘಟ್ಟದ ಈಚೆಗಿರುವ ಜೋಯಿಡಾದ ಕುಣಬಿಗಳು ಅದೇ ಮಾನ್ಯತೆಗೆ ವರ್ಷಗಟ್ಟಲೆ ಹೋರಾಡುತ್ತ ಬಂದಿದ್ದಾರೆ. ಗೆಡ್ಡೆ ಗೆಣಸಿನ ತಳಿಗಳನ್ನು ಇಷ್ಟು ಜತನದಿಂದ ಕಾಪಾಡಿದ ಜನ ಇವರು. ಕೆಲಸಕ್ಕೆಂದು ಇಲ್ಲಿನ ಹುಡುಗರು ಹೋಗುವುದೂ ಅದೇ ಗೋವೆಗೇ!

ಸ್ವಲ್ಪ ಠಾಣೆಯ ಕಡೆ ಬನ್ನಿ. 18 ತುಂಬದ ಹುಡುಗನನ್ನು ಪೊಲೀಸರು ಹಿಡಿದರೆ ಲಾಕಪ್ಪಿಗೆ ಹಾಕುವಂತಿಲ್ಲ. ಜೈಲಿಗೂ ಕಳಿಸುವಂತಿಲ್ಲ. ಬೇಡಿ ತೊಡಿಸುವಂತಿಲ್ಲ. 24 ತಾಸಿನೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ನಿಲ್ಲಿಸಲೇಬೇಕು. ಮಕ್ಕಳ ಜೊತೆ ವ್ಯವಹರಿಸುವ ಪೊಲೀಸರು ಖಾಕಿಯನ್ನೂ ಹಾಕಬಾರದು, ಸಾದಾ ಬಟ್ಟೆಯಲ್ಲೇ ಇರಬೇಕು!

ಆ ಮಂಡಳಿಯಲ್ಲಿ ಮೂವರಿರುತ್ತಾರೆ. ಒಬ್ಬರು ಮ್ಯಾಜಿಸ್ಟ್ರೇಟ್. ಉಳಿದಿಬ್ಬರು ನ್ಯಾಯಾಧೀಶರೇ ಅಲ್ಲ, ಸಮಾಜ ಸೇವಕರು! ಅವರಲ್ಲಿ ಒಬ್ಬರು ಮಹಿಳೆಯಾಗಿರಲೇಬೇಕು.

ಸಣ್ಣಪುಟ್ಟ ತಪ್ಪಿನ ವಿಚಾರಣೆ ನಾಲ್ಕು ತಿಂಗಳಲ್ಲಿ ಮುಗಿಯಬೇಕು. ಬೇಕಾದರೆ ಇನ್ನೆರಡು ತಿಂಗಳು. ಆಗಲೂ ಮುಗಿಯದಿದ್ದರೆ? ಪ್ರಕರಣವನ್ನೇ ಕೈಬಿಡಬೇಕು!

2022ರಲ್ಲಿ ದೇಶದಲ್ಲಿ ಹೀಗೆ ಹಿಡಿದು ತಂದ ಮಕ್ಕಳು 37,780. ಅವರಲ್ಲಿ ಶೇ 78ಕ್ಕೂ ಹೆಚ್ಚು ಮಂದಿ 16 ದಾಟಿ 18 ತುಂಬದವರು. ಹತ್ತನೇ ತರಗತಿ ಮುಗಿದು, ಮುಂದೇನು ಎಂದು ಕೇಳುವ ವಯಸ್ಸು ಅದೇ ಅಲ್ಲವೇ?

ವಯಸ್ಸು ಗೊತ್ತುಮಾಡುವ ಕ್ರಮ ನೋಡಿ. ಮೊದಲು ಶಾಲೆಯ ದಾಖಲೆ ಅಥವಾ ಹತ್ತನೆಯ ಅಂಕಪಟ್ಟಿ. ಅದಿಲ್ಲದಿದ್ದರೆ ಪಂಚಾಯಿತಿಯ ಜನನ ಪತ್ರ. ಎರಡೂ ಇಲ್ಲದಾಗಷ್ಟೇ ಎಲುಬಿನ ಪರೀಕ್ಷೆ. ಮಾಸ್ತರರು ಒಂದನೇ ಇಯತ್ತೆಯಲ್ಲಿ ಬರೆದುಕೊಂಡ ತಾರೀಕು ಡಾಕ್ಟರರ ಎಕ್ಸ್‌ರೇಗಿಂತ ಮೇಲು!

ಆ ತಾರೀಕು ಪ್ರಾಣವನ್ನೂ ಉಳಿಸಿದೆ. 1994ರ ಪುಣೆಯ ಕೊಲೆ ಪ್ರಕರಣವೊಂದರಲ್ಲಿ ಗಲ್ಲು ಶಿಕ್ಷೆಯಾದ ವ್ಯಕ್ತಿ 28 ವರ್ಷ ಜೈಲಿನಲ್ಲಿ ಕಳೆದ. ಊರಿನ ಶಾಲೆಯ ದಾಖಲಾತಿ ಪುಸ್ತಕ ತೆರೆದು ನೋಡಿದರೆ, ಘಟನೆ ನಡೆದಾಗ ಅವನಿಗಿನ್ನೂ ಹನ್ನೆರಡೂವರೆ ವರ್ಷ! 2023ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಅವನನ್ನು ಬಿಟ್ಟಿತು. ನಿಮ್ಮೂರ ಶಾಲೆಯ ಹಳೆಯ ರಿಜಿಸ್ಟರನ್ನು ಗೆದ್ದಲಿಗೆ ಬಿಡಬೇಡಿ.

18 ದಾಟಿದವರ ಪಾಡು? 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಮಂದಿ. ಅವರಲ್ಲಿ ವಿಚಾರಣಾಧೀನರೇ 4,34,302. ನಾಲ್ವರಲ್ಲಿ ಮೂವರ ಮೇಲೆ ತಪ್ಪು ಇನ್ನೂ ಸಾಬೀತೇ ಆಗಿಲ್ಲ!

2024ರ ಜುಲೈ 1ರಿಂದ ಒಂದು ಹೊಸ ಬಾಗಿಲು ತೆರೆದಿದೆ. ಮೊದಲ ಸಲ ಸಿಕ್ಕಿಬಿದ್ದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗದಷ್ಟು ಕಾಲ ಜೈಲಿನಲ್ಲಿದ್ದರೆ ಬಾಂಡಿನ ಮೇಲೆ ಬಿಡಬೇಕು. ಮೂರು ವರ್ಷದ ಶಿಕ್ಷೆಯ ಕಳ್ಳತನವಾದರೆ ಒಂದು ವರ್ಷ. ಗಲ್ಲು, ಜೀವಾವಧಿಯ ಅಪರಾಧಗಳಿಗೂ, ಬೇರೆ ಪ್ರಕರಣ ಇದ್ದವರಿಗೂ ಇದು ಅನ್ವಯಿಸದು. ಅರ್ಜಿ ಹಾಕಬೇಕಾದವರು ಯಾರು ಗೊತ್ತೇ? ಖುದ್ದು ಜೈಲಿನ ಸೂಪರಿಂಟೆಂಡೆಂಟರು!

ಮಳೆಗಾಲ ಬಂತು. ಕಾಳಿ ನದಿಯ ದಂಡೆಗೆ ಹೋಗೋಣ. ಸೂಪಾ ಎಂಬ ಊರು ನಕಾಶೆಯಲ್ಲಿ ಎಲ್ಲಿದೆ? ನೀರಿನಡಿ! ಕಾಳಿ ಮತ್ತು ಪಾಂಡ್ರಿ ಕೂಡುವಲ್ಲಿದ್ದ ಆ ಊರು ತಾಲೂಕಿನ ಕೇಂದ್ರವಾಗಿತ್ತು. 101 ಮೀಟರ್ ಎತ್ತರದ ಅಣೆಕಟ್ಟು 1987ರಲ್ಲಿ ಮುಗಿಯಿತು. ಊರು ಮುಳುಗಿತು, ಕಚೇರಿಗಳು ಜೋಯಿಡಾಕ್ಕೆ ಬಂದವು. ಮನೆ ಕಳೆದುಕೊಂಡ ಎಷ್ಟೋ ಮಂದಿ ಬೆಳಗಾವಿ–ಗೋವಾ ರಸ್ತೆಯ ರಾಮನಗರಕ್ಕೆ ಹೋದರು.

ಇನ್ನೂ ಸೋಜಿಗ ಬೇಕೇ? 2011ರ ಜನಗಣತಿಯ ಪುಸ್ತಕದಲ್ಲಿ ತಾಲೂಕಿನ ಹೆಸರು ಆಗಲೂ ಸೂಪಾ! ಊರು ಮುಳುಗಿ ಎರಡು ದಶಕ ದಾಟಿದರೂ ಹೆಸರು ತೇಲುತ್ತಲೇ ಇತ್ತು. ಕಾಳಿಯ ಕರೆಂಟು ನಾಗಝರಿಯ ವಿದ್ಯುದಾಗಾರದಿಂದ ನಾಡಿಗೆಲ್ಲ ಹೋಯಿತು. ಸೂಪಾ ತಾಲೂಕಿನ ಕಾಡಂಚಿನ ಎಷ್ಟೋ ಮಜರೆಗಳು ಮಾತ್ರ ಬಹುಕಾಲ ಚಿಮಣಿ ಬುಡ್ಡಿಯ ಬೆಳಕಿನಲ್ಲೇ ಇದ್ದವು. ಇದು ಕೇಳಿದರೆ ನಿಮಗೂ ಸಂಕಟವಾಗದೇ?

ನೆರೆಗೆ ಕೋಳಿ ಕೊಚ್ಚಿಹೋದರೆ ಸರ್ಕಾರ ಎಷ್ಟು ಕೊಡುತ್ತದೆ? 2022ರ ಕೇಂದ್ರ ಮಾನದಂಡದಲ್ಲಿ ಒಂದು ಕೋಳಿಗೆ 100 ರೂಪಾಯಿ! ಆಡು, ಕುರಿಗೆ 4,000. ಎತ್ತಿಗೆ 32,000. ಹಾಲು ಕೊಡುವ ಹಸು, ಎಮ್ಮೆಗೆ 37,500. ಆ ಪಟ್ಟಿಯಲ್ಲಿ ಒಂಟೆಗೂ ದರವಿದೆ!

ಮನೆ ಬಿದ್ದರೆ ಅಳತೆ ಶುರು. 2019ರ ಮಹಾ ನೆರೆಯಲ್ಲಿ ನಮ್ಮ ರಾಜ್ಯ ಮಾಡಿದ ವರ್ಗಗಳು ಎ, ಬಿ, ಸಿ. ಶೇ 75ಕ್ಕಿಂತ ಹೆಚ್ಚು ಹಾಳಾದರೆ ಎ, 25ರಿಂದ 75 ಬಿ, 15ರಿಂದ 25 ಸಿ. ಎ ವರ್ಗಕ್ಕೆ 5 ಲಕ್ಷ, ಸಿ ವರ್ಗಕ್ಕೆ 50 ಸಾವಿರ. ಶೇ 15ಕ್ಕಿಂತ ಕಡಿಮೆಯಾದರೆ? ಏನೂ ಇಲ್ಲ!

ಆ ಗಳಿಗೆಯನ್ನು ಹತ್ತಿರದಿಂದ ನೋಡಿ. ಮಣ್ಣಿನ ಗೋಡೆ, ಮೇಲೆ ನಾಡಹೆಂಚು. ಬಚ್ಚಲ ಕಡೆಯ ಗೋಡೆ ರಾತ್ರಿ ಕುಸಿದಿದೆ. ಮನೆಯವರು ಪಾತ್ರೆ, ಅಕ್ಕಿ ಚೀಲ ಅಂಗಳಕ್ಕೆ ತಂದು ಪ್ಲಾಸ್ಟಿಕ್ ಹಾಳೆ ಮುಚ್ಚಿದ್ದಾರೆ. ತಲಾಟಿ ಮೊಬೈಲಿನಲ್ಲಿ ಜಿಪಿಎಸ್ ಫೋಟೊ ತೆಗೆಯುತ್ತಾರೆ, ಎಂಜಿನಿಯರ್ ಅಂದಾಜು ಬರೆಯುತ್ತಾರೆ, ಪಂಚನಾಮೆಗೆ ಸಹಿ ಬೀಳುತ್ತದೆ. ಉಳಿದ ಮೂರು ಗೋಡೆ ನೀರು ಕುಡಿದು ನಿಂತಿವೆ. ಫೋಟೊದಲ್ಲಿ ಅವು ಗಟ್ಟಿಯಾಗೇ ಕಾಣುತ್ತವೆ! ನೆನೆದ ಗೋಡೆ ವಾರ ಬಿಟ್ಟು ಬೀಳುವುದು ಮಲೆನಾಡಿನಲ್ಲಿ ಯಾರಿಗೆ ಗೊತ್ತಿಲ್ಲ? ಎರಡನೇ ಸಲ ಬಂದು ನೋಡುವುದು ಕಡ್ಡಾಯವಾಗಬೇಕು.

ಅದೇ 2022ರ ಕೇಂದ್ರ ಮಾನದಂಡದಲ್ಲಿ ಬೆಳೆಗೆ ಬೇರೆ ಗೆರೆ. ಶೇ 33ರಷ್ಟಾದರೂ ಹಾಳಾಗಿರಬೇಕು. ಮಳೆಯಾಶ್ರಿತ ಹೆಕ್ಟೇರಿಗೆ 8,500, ನೀರಾವರಿಗೆ 17,000, ಅಡಿಕೆಯಂಥ ಬಹುವಾರ್ಷಿಕ ಬೆಳೆಗೆ 22,500. ಅದೂ ಎರಡು ಹೆಕ್ಟೇರಿನವರೆಗೆ ಮಾತ್ರ.

2023ರ ಬರ ನೆನಪಿದೆಯೇ? ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ! ಉಳಿದದ್ದು ಬರೀ 13. ರಾಜ್ಯ ಕೇಳಿದ್ದು 18,171 ಕೋಟಿ. ಸುಪ್ರೀಂ ಕೋರ್ಟಿಗೆ ಹೋದ ಮೇಲೆ, 2024ರ ಏಪ್ರಿಲ್‌ನಲ್ಲಿ ಬಂದದ್ದು ಸುಮಾರು 3,454 ಕೋಟಿ. ಐದರಲ್ಲಿ ಒಂದು ಪಾಲೂ ಆಗಲಿಲ್ಲ!

ಆ ದುಡ್ಡೂ ಉತಾರದಲ್ಲಿ ಹೆಸರಿದ್ದವರ ಖಾತೆಗೇ ಹೋಗುವುದು. ಉತ್ತರ ಕನ್ನಡದ ನೆಲದಲ್ಲಿ ಸುಮಾರು ಶೇ 80 ಕಾಡು. ಅಜ್ಜನ ಕಾಲದಿಂದ ಉತ್ತ ಗದ್ದೆಯೂ ಎಷ್ಟೋ ಕಡೆ ದಾಖಲೆಯಲ್ಲಿ ಅರಣ್ಯ, ಉಳುವವರು ಅತಿಕ್ರಮಣದಾರರು. ಗದ್ದೆ ಕೊಚ್ಚಿಹೋದರೂ ದಾಖಲೆಯಲ್ಲಿ ಅಲ್ಲಿ ಗದ್ದೆಯೇ ಇಲ್ಲ! ಹಕ್ಕು ಕೇಳಿದರೆ ಪರಿಶಿಷ್ಟ ಪಂಗಡದವರಲ್ಲದವರು ಮೂರು ತಲೆಮಾರು, ಅಂದರೆ 75 ವರ್ಷದ ವಾಸಕ್ಕೆ ಪುರಾವೆ ತರಬೇಕು.

ಸರ್ಕಾರ ಭೂಮಿಯನ್ನೇ ಕೊಟ್ಟು ನೆರವಾದದ್ದೂ ಇಲ್ಲೇ! ಮನೆಮಠ ಬಿಟ್ಟು ಬಂದ ಟಿಬೆಟಿಯನ್ನರಿಗೆ 1966ರಲ್ಲಿ ಮುಂಡಗೋಡದಲ್ಲಿ ಸುಮಾರು 4,000 ಎಕರೆ ಗುತ್ತಿಗೆಗೆ ಸಿಕ್ಕಿತು. ಊರುಗಳಿಗೆ ಹೆಸರಿನ ಬದಲು ನಂಬರು, ಒಂದನೇ ಕ್ಯಾಂಪು, ಎರಡನೇ ಕ್ಯಾಂಪು! ಡ್ರೆಪುಂಗ್, ಗಾಂಡೆನ್‌ನಂಥ ಶತಮಾನಗಳ ಮಠಗಳು ಜೋಳದ ಹೊಲಗಳ ನಡುವೆ ಮತ್ತೆ ಎದ್ದು ನಿಂತವು.

ಹುಲಿ ಮೀಸಲಿನಿಂದ ತಾವಾಗಿ ಹೊರಬರುವ ಕುಟುಂಬಕ್ಕೆ ಮೊದಲು 10 ಲಕ್ಷ ಇತ್ತು, 2021ರಿಂದ 15 ಲಕ್ಷ. ಕಾಳಿ ಹುಲಿ ಮೀಸಲಿಗೂ ಇದೇ ಲೆಕ್ಕ. ಆದರೆ ಕುಟುಂಬ ಎಂದರೆ ಯಾರು? 18 ತುಂಬಿದ ಮಗ, ಮದುವೆಯಾಗದಿದ್ದರೂ, ಬೇರೆ ಕುಟುಂಬ! 18 ತುಂಬಿ ಮದುವೆಯಾಗದ ಮಗಳೂ ಹಾಗೇ. ಗೊತ್ತುಮಾಡಿದ ದಿನಕ್ಕೆ ಹುಟ್ಟುಹಬ್ಬ ಒಂದೇ ದಿನ ಬಾಕಿಯಿದ್ದ ಹುಡುಗ ಅಪ್ಪನ ಲೆಕ್ಕದೊಳಗೇ ಉಳಿಯುತ್ತಾನೆ. ಒಂದು ದಿನಕ್ಕೆ 15 ಲಕ್ಷದ ಅಂತರ!