ಮಂಜಿನ ಚಕ್ಕೆಯ ಮದ್ದು
ದೇವಾಲಯದ ತೀರ್ಥದಲ್ಲಿ ಅಸಲಿ ಪಚ್ಚಕರ್ಪೂರದ ತಂಪನ್ನು ಸವಿದವರಿಗೆ, ಚೀನದ ವೈದ್ಯರು ‘ಬಿಂಗ್‌ಪಿಯನ್’, ಅಂದರೆ ಮಂಜಿನ ಚಕ್ಕೆ, ಎಂದು ಕರೆದ ಶ್ವೇತಸ್ಫಟಿಕವು ಅಪರಿಚಿತವೇನಲ್ಲ. ಎರಡರ ಸಾರವೂ ಬೋರ್ನಿಯಾಲ್ ಎಂಬ ಒಂದೇ ದ್ರವ್ಯ. ಪ್ರಜ್ಞೆ ತಪ್ಪಿದವನ ಮುಚ್ಚಿದ ದ್ವಾರಗಳನ್ನು ಇದು ತೆರೆಯುವುದೆಂದೂ, ಜತೆಗೂಡಿದ ಔಷಧಗಳನ್ನು ಶಿರಸ್ಸಿನೆಡೆಗೆ ಒಯ್ಯುವುದೆಂದೂ ಅವರು ಶತಮಾನಗಳಿಂದ ನಂಬಿದ್ದರು. ನಂಬಿಕೆಯು ಪ್ರಮಾಣವಲ್ಲ, ನಿಜ. ಆದರೆ ರಕ್ತಕ್ಕೂ ಮಿದುಳಿಗೂ ನಡುವೆ ಕೋಟೆಯಂತೆ ನಿಂತು ಬಹುತೇಕ ಔಷಧಗಳನ್ನು ಹೊರಗೇ ತಡೆಯುವ ಗೋಡೆಯನ್ನು ಬೋರ್ನಿಯಾಲ್ ತುಸು ಹೊತ್ತು ಸಡಿಲಿಸುವುದು ಪ್ರಾಣಿಪ್ರಯೋಗಗಳಲ್ಲಿ ಕಂಡುಬಂದಾಗ, ಆ ಹಳೆಯ ಮಾತಿಗೆ ಹೊಸ ಅರ್ಥವೊಂದು ಪ್ರಾಪ್ತವಾಯಿತು.

ಪಾರ್ಶ್ವವಾಯುವಿನಲ್ಲಿ ರಕ್ತನಾಳ ಕಟ್ಟಿದಾಗ ಮಿದುಳಿನ ಕೋಶಗಳನ್ನು ಕೊಲ್ಲುವುದು ಆಮ್ಲಜನಕದ ಅಭಾವವೊಂದೇ ಅಲ್ಲ. ಬೆನ್ನಲ್ಲೇ ಹುಟ್ಟುವ ಫ್ರೀ ರ್‍ಯಾಡಿಕಲ್‌ಗಳೂ ಉರಿಯೂತವೂ ಆ ಸಂಹಾರವನ್ನು ಮುಂದುವರಿಸುತ್ತವೆ. ಜಪಾನಿನಲ್ಲಿ 2001ರಿಂದ ಬಳಕೆಯಲ್ಲಿರುವ ಎಡರವೋನ್ ಎಂಬ ಔಷಧವು ಈ ರ್‍ಯಾಡಿಕಲ್‌ಗಳನ್ನು ಅಡಗಿಸುತ್ತದೆ. ಅದರ ನಾಲ್ಕು ಪಾಲಿಗೆ, ಉರಿಯೂತವನ್ನು ಶಮನಗೊಳಿಸುವ ಬೋರ್ನಿಯಾಲಿನ ಒಂದು ಪಾಲನ್ನು ಬೆರೆಸಿ ಚೀನದ ಸಂಶೋಧಕರು ರಕ್ತನಾಳಕ್ಕೆ ನೀಡುವ ಮದ್ದೊಂದನ್ನು ಸಿದ್ಧಪಡಿಸಿದರು. (ಅಡುಗೆಮನೆಯ ಡಬ್ಬಿಯಲ್ಲಿರುವ ಪಚ್ಚಕರ್ಪೂರವು ಆ ಮದ್ದಲ್ಲವೆಂದು ಬೇರೆ ಹೇಳಬೇಕಾಗಿಲ್ಲವಷ್ಟೆ.)

1,165 ರೋಗಿಗಳ ಪರೀಕ್ಷೆಯಲ್ಲಿ, 90 ದಿನಗಳ ತರುವಾಯ ಗಣನೀಯ ಅಂಗವೈಕಲ್ಯವಿಲ್ಲದೆ ಉಳಿದವರು ಎಡರವೋನ್ ಮಾತ್ರ ಪಡೆದವರಲ್ಲಿ ಶೇಕಡ 59ರಷ್ಟು, ಮಿಶ್ರಣವನ್ನು ಪಡೆದವರಲ್ಲಿ ಶೇಕಡ 67ರಷ್ಟು. 2020ರಲ್ಲಿ ಚೀನ ಈ ಮಿಶ್ರಣಕ್ಕೆ ಅನುಮತಿಯಿತ್ತಿತು. ಹೋಲಿಕೆಯು ಮತ್ತೊಂದು ಔಷಧದೊಡನೆ ನಡೆಯಿತೇ ಹೊರತು ಬರಿಯ ಹುಸಿಮದ್ದಿನೊಡನಲ್ಲವೆಂಬುದನ್ನು ಮರೆಯಲಾಗದು. ಮೇಲಾಗಿ, ಲಾಭವು ಪುರುಷರಿಗಿಂತ ಸ್ತ್ರೀಯರಲ್ಲಿಯೇ ಹೆಚ್ಚಾಗಿ ಕಂಡಿತು.